ನೀಲಿ ದಾರದ ಚೀಲಗಳು

ಅಕ್ಕನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಕೋಳಿಗಳನ್ನು ಹೂಳಿದ ದಿನ ಅದು ಎಷ್ಟು ಇಳಿದಿತ್ತೆಂದರೆ, ಗೇಟಿನ ಹೊರಗೆ ನಿಂತಿದ್ದ ತಂಗಿ ಮಾತು ಕೇಳಿಸಿಕೊಳ್ಳಲು ಕಂಬಿಗಳ ನಡುವೆ ಮುಖ ಇಡಬೇಕಾಯಿತು.

“ಒಳಗೆ ಬರಬೇಡ.”

“ಅಕ್ಕ, ಸ್ಯಾಂಪಲ್ ತಗೋಬೇಕು. ಬೇಗ ಮುಗಿಸಿ ಹೋಗ್ತೀನಿ.”

“ಯಾವುದರ ಸ್ಯಾಂಪಲ್? ಗುಂಡಿಗೆ ಇಳೀತೀಯಾ?”

ಶೆಡ್ಡಿನ ಹಿಂದಿನ ಖಾಲಿ ಜಾಗದಲ್ಲಿ ಯಂತ್ರ ತೋಡಿದ ಗುಂಡಿಯೊಳಕ್ಕೆ ಬಿಳಿ ಪ್ಲಾಸ್ಟಿಕ್ ಉಡುಪಿನವರು ಸತ್ತ ಕೋಳಿಗಳ ಚೀಲಗಳನ್ನು ಉರುಳಿಸುತ್ತಿದ್ದರು. ಒಂದು ಸಾಲು ಬಿದ್ದ ಮೇಲೆ ಸುಣ್ಣ, ಅದರ ಮೇಲೆ ಮತ್ತೊಂದು ಸಾಲು. ಮೊನ್ನೆ ಮೊನ್ನೆಯವರೆಗೂ ಕಿವಿ ಗಡಚಿಕ್ಕುವಂತೆ ಗದ್ದಲವಿದ್ದ ಶೆಡ್ಡಿನಲ್ಲಿ ಈಗ ಫ್ಯಾನುಗಳು ಮಾತ್ರ ತಿರುಗುತ್ತಿದ್ದವು. ಅವನ್ನು ಆರಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಎಂಥ ಕಷ್ಟದಲ್ಲೂ ಒಂದು ನಗೆಮಾತು ಹುಡುಕಿ ತರುತ್ತಿದ್ದ ಭಾವ ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಸುಮ್ಮನೆ ಕೂತಿದ್ದರು.

“ನೀನು ಕೊಟ್ಟಿದ್ದ ಪುಡಿ ಇನ್ನೂ ಎರಡು ಚೀಲ ಉಳಿದಿದೆ. ತಗೊಂಡು ಹೋಗು,” ಎಂದು ಅಕ್ಕ ನೀಲಿ ದಾರದಲ್ಲಿ ಬಾಯಿ ಕಟ್ಟಿದ್ದ ಚೀಲಗಳನ್ನು ಗೇಟಿನ ಅಡಿಯಿಂದ ಕಾಲಲ್ಲಿ ನೂಕಿದಳು. “ನನ್ನ ಕೋಳಿಗೆ ಬರೀ ಹುಲ್ಲು ತಿನ್ನಿಸಿದೆಯಲ್ಲೇ. ಸ್ವಂತ ಅಕ್ಕನ ಕೋಳಿಗೆ.”

ಬೇಲಿಯಾಚೆಯ ಶೆಡ್ಡಿನಿಂದ ಕೋಳಿಗಳ ಸದ್ದು ಎಂದಿನಂತೆ ಕೇಳಿಬರುತ್ತಿತ್ತು. ಅದು ಗೊಣಗಪ್ಪನದು. ಬಿಸಿಲು ಬಂದರೂ ಗೊಣಗುವ, ಬಾರದಿದ್ದರೂ ಗೊಣಗುವ ಮನುಷ್ಯನಾದ್ದರಿಂದ ಅವನಿಗೆ ಆ ಹೆಸರು. ಅವನ ಒಂದು ಕೋಳಿಯೂ ಸತ್ತಿರಲಿಲ್ಲ. ಅವನಿಗೆ ಕೊಟ್ಟಿದ್ದ ಚೀಲಗಳಿಗೆ ಬಿಳಿ ದಾರ ಕಟ್ಟಿತ್ತು.

ತಂಗಿ ಚೀಲಗಳನ್ನು ಎತ್ತಿಕೊಂಡು ಸಂಸ್ಥೆಯ ವ್ಯಾನಿನ ಹಿಂದೆ ಹಾಕಿದಳು.

ಅವಳು ಕೆಲಸ ಮಾಡುತ್ತಿದ್ದದ್ದು ಗಿಡಗಳಲ್ಲಿ ಲಸಿಕೆ ಬೆಳೆಯುವ ಸಂಸ್ಥೆಯಲ್ಲಿ. ಕೋಳಿಗಳ ಕತ್ತು ತಿರುಚಿ ಕೊಲ್ಲುವ ವೈರಸ್ಸಿನ ಮೈಮೇಲೆ ಒಂದು ತುಣುಕಿದೆ. ಅದೊಂದರಿಂದಲೇ ರೋಗ ಬರುವುದಿಲ್ಲ, ಆದರೆ ಅದನ್ನು ಒಮ್ಮೆ ಕಂಡ ಕೋಳಿಯ ಮೈ ಆಮೇಲೆ ವೈರಸ್ಸನ್ನು ಗುರುತು ಹಿಡಿದು ಅಟ್ಟುತ್ತದೆ. ಆ ತುಣುಕನ್ನು ತಯಾರಿಸುವುದನ್ನು ಸಂಸ್ಥೆಯವರು ದನದ ಮೇವಿಗೆಂದು ಬೆಳೆಯುವ ಕುದುರೆಮಸಾಲೆ ಸೊಪ್ಪಿನ ಗಿಡಕ್ಕೆ ಕಲಿಸಿದ್ದರು. ಗಿಡ ಎಂದಿನ ಹಾಗೆ ಬಿಸಿಲು ಕುಡಿದು ಬೆಳೆಯುತ್ತಿತ್ತು, ಎಲೆಯ ತುಂಬ ಲಸಿಕೆ ಕೂಡಿಡುತ್ತಿತ್ತು. ಎಲೆ ಒಣಗಿಸಿ ಪುಡಿ ಮಾಡಿ ಮೇವಿಗೆ ಬೆರೆಸಿದರೆ ಆಯಿತು. ಸೂಜಿ ಬೇಡ, ಐಸ್ ಪೆಟ್ಟಿಗೆ ಬೇಡ, ಒಂದೊಂದೇ ಕೋಳಿಯನ್ನು ಹಿಡಿದು ಕಣ್ಣಿಗೆ ಲಸಿಕೆಯ ಹನಿ ಬಿಡುವ ಪಾಡು ಬೇಡ.

“ಸೊಪ್ಪಿನ ಡಾಕ್ಟರು ಬಂದ್ರು,” ಎಂದು ಭಾವ ಅವಳನ್ನು ಸ್ವಾಗತಿಸುತ್ತಿದ್ದರು. “ಹೆಂಡತಿಗೆ ಸಿಟ್ಟು ಬರದ ಹಾಗೆ ಮಾಡೋ ಸೊಪ್ಪಿದ್ರೆ ನನಗೂ ಒಂದು ಕಟ್ಟು ತಂದ್ಕೊಡಮ್ಮ. ನಾನೇ ತಿನ್ನಿಸ್ತೀನಿ.”

ಪ್ರಯೋಗಾಲಯದ ಗೂಡುಗಳಲ್ಲಿ ಸೊಪ್ಪು ಕೆಲಸ ಮಾಡಿತ್ತು. ಇನ್ನು ಉಳಿದದ್ದು ಹೊರಗಿನ ನಿಜವಾದ ಶೆಡ್ಡುಗಳಲ್ಲಿ ಪರೀಕ್ಷೆ. ಅದಕ್ಕೆ ಹೆದ್ದಾರಿಯ ಬದಿಯ ಕೋಳಿ ಸಾಕುವವರನ್ನು ಒಪ್ಪಿಸುವ ಕೆಲಸ ತಂಗಿಯ ಪಾಲಿಗೆ ಬಂತು. ಅವಳು ಶೆಡ್ಡಿನಿಂದ ಶೆಡ್ಡಿಗೆ ಅಲೆದಳು. ಎಲ್ಲರ ಬಾಯಲ್ಲೂ ಒಂದೇ ಮಾತು: “ಮೊದಲು ನಿಮ್ಮಕ್ಕ ಹಾಕ್ಲಿ. ಆಮೇಲೆ ನೋಡೋಣ.”

ಅಕ್ಕ ಸುಲಭಕ್ಕೆ ಒಪ್ಪಲಿಲ್ಲ. ಪರೀಕ್ಷೆಗೆ ಒಂದು ಷರತ್ತಿತ್ತು. ಸೊಪ್ಪಿನ ಬಲ ಸರಿಯಾಗಿ ತಿಳಿಯಬೇಕಾದರೆ ಕಣ್ಣಿಗೆ ಬಿಡುವ ಹಳೆಯ ಲಸಿಕೆಯ ಹನಿಯನ್ನು ಯಾರೂ ಹಾಕುವಂತಿಲ್ಲ. ವೈರಸ್ಸು ರೂಪ ಬದಲಿಸಿದ ಮೇಲೆ ಆ ಹನಿ ಮೊದಲಿನಂತೆ ಕೆಲಸ ಮಾಡುತ್ತಿರಲಿಲ್ಲ ನಿಜ. ಹಾಕಿದರೆ ಅರ್ಧ ಕೋಳಿಗಳಾದರೂ ಉಳಿಯುತ್ತಿದ್ದವು.

“ಹರಿದ ಛತ್ರಿ ಆದ್ರೂ ಛತ್ರಿ ಕಣೇ,” ಎಂದಿದ್ದಳು ಅಕ್ಕ. “ಅದನ್ನೂ ಕಿತ್ಕೊಂಡು ಮಳೇಲಿ ನಿಲ್ಲು ಅಂತೀಯ.”

“ಮಧ್ಯದಲ್ಲಿ ಒಂದು ಕಡೆಯವರ ಕೋಳಿ ಮಾತ್ರ ಸಾಯ್ತಾ ಇದೆ ಅಂತ ಗೊತ್ತಾದ ಕೂಡಲೇ ಪರೀಕ್ಷೆ ನಿಲ್ಲಿಸಿ ಎಲ್ಲರಿಗೂ ಒಳ್ಳೇ ಸೊಪ್ಪು ಕೊಡ್ತೀವಿ. ಅದಕ್ಕೇ ಒಂದು ಸಮಿತಿ ಇದೆ. ಬರೆದು ಕೊಡ್ತೀವಿ ಅಕ್ಕ.”

“ಒಂದು ಕಡೆಯವರು ಅಂದ್ರೆ?”

ತಂಗಿ ಬಿಡಿಸಿ ಹೇಳಿದಳು. ಅರ್ಧ ಶೆಡ್ಡುಗಳಿಗೆ ಲಸಿಕೆ ಇರುವ ಸೊಪ್ಪು, ಇನ್ನರ್ಧಕ್ಕೆ ಅದೇ ಬಣ್ಣ, ಅದೇ ವಾಸನೆಯ ಬರೀ ಸೊಪ್ಪು. ಚೀಟಿ ಎತ್ತುವುದು ಸಂಸ್ಥೆಯ ಮುಖ್ಯಸ್ಥರು. ಚೀಲಗಳಿಗೆ ನೀಲಿ ದಾರ, ಬಿಳಿ ದಾರ. ಯಾವುದು ಯಾವುದೆಂದು ಅವರೊಬ್ಬರಿಗೇ ಗೊತ್ತು.

“ನನಗೆ ನೀನು ಒಳ್ಳೇದೇ ಕೊಡ್ತೀಯ ತಾನೆ?”

“ನನಗೆ ಗೊತ್ತಿರಲ್ಲ ಅಕ್ಕ. ಗೊತ್ತಿರಲೂಬಾರದು.”

“ಆಯ್ತಾಯ್ತು. ಗೊತ್ತಿರಲ್ಲ,” ಎಂದು ಅಕ್ಕ ಗಂಡನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. ತಂಗಿ ಮತ್ತೊಮ್ಮೆ ಹೇಳಿದಳು, ಅಕ್ಕ ಮತ್ತೊಮ್ಮೆ ನಕ್ಕಳು. ತಾಯಿ ಸತ್ತಾಗಿನಿಂದ ಜಡೆ ಹೆಣೆದು ಶಾಲೆಗೆ ಕಳಿಸಿದ ತಂಗಿ ತನಗೆ ಬರೀ ಸೊಪ್ಪು ಕೊಟ್ಟಾಳು ಎಂಬ ಯೋಚನೆಗೆ ಅವಳ ತಲೆಯಲ್ಲಿ ಜಾಗವೇ ಇರಲಿಲ್ಲ. ಅಕ್ಕ ಸಹಿ ಹಾಕಿದ ಮೇಲೆ ಉಳಿದವರೂ ಸಾಲಾಗಿ ಹಾಕಿದರು. ಗೊಣಗಪ್ಪ ಹಾಕುವಾಗ ಪೆನ್ನು ಸರಿಯಿಲ್ಲ ಎಂದ.

ರೋಗ ಆ ವರ್ಷ ಹೆದ್ದಾರಿಯ ದೂರದ ತುದಿಯಿಂದ ಶುರುವಾಯಿತು. ಮೊದಲು ಮೊಟ್ಟೆ ಕಡಿಮೆಯಾಗುತ್ತದೆ, ಇಟ್ಟ ಮೊಟ್ಟೆಯ ಚಿಪ್ಪು ಮುಟ್ಟಿದರೆ ಒಡೆಯುತ್ತದೆ. ಆಮೇಲೆ ಹಸಿರು ಹಿಕ್ಕೆ, ಆಮೇಲೆ ಕತ್ತು ಹಿಂದಕ್ಕೆ ತಿರುಚಿಕೊಂಡು ಕೋಳಿ ಆಕಾಶ ನೋಡುತ್ತ ಗಿರಗಿರನೆ ಸುತ್ತುತ್ತದೆ. ಪರೀಕ್ಷೆಗೆ ಸೇರಿದ್ದ ಒಂದು ಶೆಡ್ಡು ಮೊದಲ ವಾರದಲ್ಲೇ ಖಾಲಿಯಾಯಿತು, ಅದರ ಹತ್ತಿರದ ಇನ್ನೊಂದು ಅದರ ಹಿಂದೆಯೇ ಹೋಯಿತು. ಎರಡಕ್ಕೂ ನೀಲಿ ದಾರದ ಚೀಲಗಳನ್ನು ಇಳಿಸಿ ಬಂದವಳು ತಂಗಿಯೇ. ಆ ಎರಡರ ನಡುವೆ ಬಿಳಿ ದಾರದ ಒಂದು ಶೆಡ್ಡಿತ್ತು. ಅಲ್ಲಿ ಕೋಳಿಗಳು ಆರಾಮವಾಗಿ ಕೆದಕಿಕೊಂಡಿದ್ದವು.

ತಂಗಿ ನೇರವಾಗಿ ಮುಖ್ಯಸ್ಥರ ಕೋಣೆಗೆ ಹೋದಳು. ಸಂಸ್ಥೆಯಲ್ಲಿ ಅವರನ್ನು ಬೆನ್ನ ಹಿಂದೆ ‘ಇಸ್ತ್ರಿ ಸಾಹೇಬರು’ ಎನ್ನುತ್ತಿದ್ದರು. ಎಂಥ ಸೆಕೆಯಲ್ಲೂ ಅವರ ಅಂಗಿಯ ಗೆರೆ ಮುರಿಯುತ್ತಿರಲಿಲ್ಲ, ಮಾತಿನ ಗೆರೆಯೂ ಅಷ್ಟೇ.

“ಸರ್, ನೀಲಿ ಚೀಲದಲ್ಲಿ ಲಸಿಕೆ ಇಲ್ಲ ಅನ್ನೋದು ಗೊತ್ತಾಗಿಹೋಯ್ತು. ನಿಲ್ಲಿಸಿ ಸರ್. ಈಗ ಕೊಟ್ರೆ ಉಳಿದ ಮೂರು ಶೆಡ್ಡು ಉಳಿಯುತ್ತೆ.”

“ಎರಡು ಶೆಡ್ಡು ನೋಡಿ ಗೊತ್ತಾಯ್ತು ಅನ್ನೋದು ವಿಜ್ಞಾನ ಅಲ್ಲ,” ಎಂದರು ಸಾಹೇಬರು. “ಇರಲಿ, ನಿಮ್ಮ ಆತಂಕ ಸರಿಯೇ. ಇವತ್ತೇ ಸಮಿತಿಗೆ ತಿಳಿಸ್ತೀನಿ. ನಿರ್ಧಾರ ಅವರದು.”

ಎರಡು ದಿನ ಬಿಟ್ಟು ಅವರೇ ಅವಳನ್ನು ಕರೆದು, “ಸಮಿತಿ ನೋಡ್ತು. ಮುಂದುವರಿಸಿ ಅಂದ್ರು,” ಎಂದರು.

“ಯಾಕೆ ಸರ್?”

“ಅಂಕಿಅಂಶ ಸಾಲದು ಅಂತ. ಇನ್ನೊಂದು ವಿಷಯ. ನಿಮ್ಮಕ್ಕನ ಶೆಡ್ಡಿದೆ ಅಲ್ಲಿ, ನನಗೆ ಗೊತ್ತು. ನೀವು ಬಾಯಿ ಬಿಟ್ರೆ ಪೂರ್ತಿ ಪರೀಕ್ಷೆ ಹಾಳು. ಮತ್ತೆ ಮೊದಲಿಂದ ಶುರು ಮಾಡಬೇಕು. ಅಷ್ಟರಲ್ಲಿ ಎಷ್ಟು ಊರಿನ ಕೋಳಿ ಸಾಯುತ್ತೆ, ಯೋಚನೆ ಮಾಡಿ.”

ತಂಗಿ ಯೋಚನೆ ಮಾಡಿದಳು. ಯೋಚನೆ ಮಾಡಿದ್ದೇ ತಪ್ಪಾಯಿತೆಂದು ಆಮೇಲೆ ಅವಳಿಗೆ ಅನ್ನಿಸಿತು. ಸಮಿತಿಯಲ್ಲಿ ತಿಳಿದವರಿದ್ದಾರೆ, ಅವರು ನೋಡಿದ್ದಾರೆ ಎಂಬುದನ್ನೇ ಹಗ್ಗದಂತೆ ಹಿಡಿದುಕೊಂಡು ಅವಳು ದಿನ ನೂಕಿದಳು. ಅಕ್ಕನ ಮನೆಗೆ ಹೋಗುವುದನ್ನು ಬಿಟ್ಟಳು. ಫೋನಿನಲ್ಲಿ ಅಕ್ಕ, “ಆ ಕಡೆ ಎಲ್ಲ ಹೋಗ್ತಿದೆಯಂತಲ್ಲ, ನಮಗೇನೂ ಆಗಲ್ಲ ಬಿಡು, ನಿನ್ನ ಸೊಪ್ಪಿದೆಯಲ್ಲ,” ಎಂದಾಗ ಹೂಂ ಎನ್ನಲೂ ಆಗದೆ ಕೆಲಸವಿದೆಯೆಂದು ಇಟ್ಟುಬಿಟ್ಟಳು. ರೋಗ ಒಂದೊಂದೇ ಶೆಡ್ಡು ದಾಟಿಕೊಂಡು ಬರುತ್ತಿತ್ತು. ಮತ್ತೊಂದು ನೀಲಿ ಬಿತ್ತು, ಇನ್ನೊಂದು ಬಿತ್ತು. ಮತ್ತೆ ಸಾಹೇಬರ ಕೋಣೆ, ಮತ್ತೆ ಅದೇ ಉತ್ತರ. ಅಕ್ಕನ ಶೆಡ್ಡಿಗೆ ಬರುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ತಿಂಗಳಾಗಿತ್ತು. ಇನ್ನು ತಾಳಲಾರೆ, ಏನಾದರಾಗಲಿ ಹೇಳಿಯೇ ಬಿಡುತ್ತೇನೆ ಎಂದು ತಂಗಿ ಹೊರಟ ಬೆಳಿಗ್ಗೆಯೇ ಭಾವನ ಫೋನು ಬಂತು.

“ಎರಡು ಕೋಳಿ ಆಕಾಶ ನೋಡ್ತಿವೆ ಕಣಮ್ಮ,” ಎಂದರು. ಅಷ್ಟೇ ಹೇಳಿದರು.

ಅದಾದ ಮೇಲೆ ಗುಂಡಿ, ಸುಣ್ಣ, ಗೇಟು.

ಗುಂಡಿಯ ಮಣ್ಣು ಇನ್ನೂ ಹಸಿಯಾಗಿದ್ದಾಗಲೇ ಸಂಸ್ಥೆಯಲ್ಲಿ ಫಲಿತಾಂಶ ಪ್ರಕಟಿಸುವ ಸಭೆ ನಡೆಯಿತು. ಸಭಾಂಗಣದ ಗೋಡೆಯ ಮೇಲೆ ದೊಡ್ಡ ಚಿತ್ರ: ಬಿಳಿ ಗೆರೆ ಮೇಲೆ ನೆಟ್ಟಗೆ ಸಾಗಿತ್ತು, ನೀಲಿ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ತಳ ಮುಟ್ಟಿತ್ತು. ಕೊನೆಯ ಮೆಟ್ಟಿಲು ಅಕ್ಕನದೆಂದು ಅಲ್ಲಿ ಗೊತ್ತಿದ್ದದ್ದು ತಂಗಿಗೊಬ್ಬಳಿಗೇ. ಮೇಜಿನ ಮೇಲೆ ಕೇಕು ತಂದಿಟ್ಟಿದ್ದರು. ಅದರ ಮೇಲೆ ಕ್ರೀಮಿನಲ್ಲಿ ಒಂದು ಹಸಿರೆಲೆ, ಎಲೆಯ ಪಕ್ಕ ಹಳದಿ ಕೋಳಿಮರಿ.

ತಂಗಿ ಗೋಡೆಗೆ ಒರಗಿ ನಿಂತಿದ್ದಳು. ಪಕ್ಕದಲ್ಲಿ ಬೆಳ್ಳಿಗೂದಲ ಹಿರಿಯ ಹೆಂಗಸೊಬ್ಬರು ಬಂದು ನಿಂತರು. ನಿವೃತ್ತ ಪಶುವೈದ್ಯೆ, ಪರೀಕ್ಷೆಯ ಮೇಲೆ ಕಣ್ಣಿಡಬೇಕಿದ್ದ ಸಮಿತಿಯ ಅಧ್ಯಕ್ಷೆ. ತಂಗಿ ಅವರನ್ನು ಅದುವರೆಗೆ ಹತ್ತಿರದಿಂದ ನೋಡಿರಲಿಲ್ಲ.

“ಇಷ್ಟು ಸ್ಪಷ್ಟವಾದ ಫಲಿತಾಂಶ ನನ್ನ ಸರ್ವೀಸಿನಲ್ಲೇ ನೋಡಿಲ್ಲಮ್ಮ,” ಎಂದರು ಅವರು. “ಪಾಪ, ಆ ಐದು ಶೆಡ್ಡಿಗೂ ರೋಗ ಒಟ್ಟಿಗೇ ನುಗ್ಗಿಬಿಡ್ತಂತೆ. ಮುಂಚೆ ಒಂದೆರಡಕ್ಕೆ ಬಂದಿದ್ರೆ ನಾವು ಪರೀಕ್ಷೆ ನಿಲ್ಲಿಸಿ ಉಳಿದವರನ್ನ ಉಳಿಸಬಹುದಿತ್ತು.”

ತಂಗಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. “ಒಟ್ಟಿಗೇ ಅಂತ ಯಾರು ಹೇಳಿದ್ರು ಮೇಡಂ?”

“ನಿಮ್ಮ ಸಾಹೇಬ್ರೇ. ನಿನ್ನೆ ಫೋನಿನಲ್ಲಿ.”

“ಮೊದಲನೇ ಶೆಡ್ಡಿಗೂ ಕೊನೇದಕ್ಕೂ ಒಂದು ತಿಂಗಳು ಅಂತರ ಇದೆ. ಎರಡು ಶೆಡ್ಡು ಹೋದಾಗಲೇ ಸಮಿತಿ ಸೇರಿ ಮುಂದುವರಿಸಿ ಅಂದ್ರಲ್ಲ?”

ಪಶುವೈದ್ಯೆ ಕನ್ನಡಕ ತೆಗೆದು ಅವಳ ಮುಖ ನೋಡಿದರು. “ಸಮಿತಿ ಅಂದ್ರೆ ನಾನು, ಇನ್ನಿಬ್ಬರು. ನಮ್ಮನ್ನ ಯಾರೂ ಕರೆದೇ ಇಲ್ಲ.”

ಅಂಗೈಯಲ್ಲಿ ಹಿಡಿದುಕೊಂಡಿದ್ದ ಹಗ್ಗದ ಆ ತುದಿಯಲ್ಲಿ ಏನೂ ಇರಲಿಲ್ಲ ಎಂಬುದು ತಂಗಿಗೆ ತಿಳಿದದ್ದು ಆಗ. ಅವಳು ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಮೇಜಿನ ಹತ್ತಿರ ಹೋದಳು. ಸಾಹೇಬರು ಚಾಕು ಹಿಡಿದು ಫೋಟೊಗೆ ಮುಖ ಕೊಟ್ಟಿದ್ದರು.

“ಸರ್, ಸಮಿತಿ ಯಾವತ್ತು ಸೇರಿತ್ತು?”

“ಆಮೇಲೆ ಮಾತಾಡೋಣ.”

“ಇಲ್ಲೇ ಹೇಳಿ. ಅಧ್ಯಕ್ಷರು ಇಲ್ಲೇ ಇದಾರೆ.”

ಸಭಾಂಗಣ ಒಂದೊಂದೇ ಸಾಲಾಗಿ ಸುಮ್ಮನಾಯಿತು. ಪಶುವೈದ್ಯೆಯೂ ಮುಂದಕ್ಕೆ ಬಂದಿದ್ದರು. ಸಾಹೇಬರು ಚಾಕುವನ್ನು ಮೆಲ್ಲಗೆ ಕೆಳಗಿಟ್ಟರು. ಅವರ ಮುಖದಲ್ಲಿ ಸಿಕ್ಕಿಬಿದ್ದವನ ಕಳೆ ಇರಲಿಲ್ಲ. ತರಗತಿಯಲ್ಲಿ ದಡ್ಡ ಪ್ರಶ್ನೆ ಕೇಳಿಸಿಕೊಂಡ ಮೇಷ್ಟರ ಬೇಸರವಿತ್ತು.

“ಸರಿ, ಕರೀಲಿಲ್ಲ,” ಎಂದರು. “ಕರೆದಿದ್ರೆ ನೀವು ನಿಲ್ಲಿಸ್ತಿದ್ರಿ. ನಿಲ್ಲಿಸಿದ್ರೆ ಎರಡು ಶೆಡ್ಡಿನ ಸಾವು ಹಿಡ್ಕೊಂಡು ಅನುಮತಿ ಕೇಳಬೇಕಿತ್ತು. ಸಾಲದು, ಇನ್ನೊಂದು ಪರೀಕ್ಷೆ ಮಾಡಿ ಅಂತಿದ್ರು. ಇನ್ನೆರಡು ವರ್ಷ. ಆ ಎರಡು ವರ್ಷದಲ್ಲಿ ಸಾಯೋ ಕೋಳಿ ಎಷ್ಟು? ಅದನ್ನೇ ನಂಬಿದ ಮನೆಗಳೆಷ್ಟು? ಮೂರು ಶೆಡ್ಡು ಜಾಸ್ತಿ ಹೋಯ್ತು, ಒಪ್ತೀನಿ. ಅದರಿಂದ ಸಿಕ್ಕಿದ್ದೇನು ಅಂತ ಗೋಡೆ ಮೇಲೆ ನೋಡಿ.”

ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ತಲೆದೂಗಿದ್ದನ್ನು ತಂಗಿ ಕಂಡಳು. ಅದು ಅವಳನ್ನು ಸಾಹೇಬರ ಮಾತಿಗಿಂತ ಹೆಚ್ಚು ಉರಿಸಿತು.

“ಆ ಲೆಕ್ಕ ನನಗೂ ಬರುತ್ತೆ ಸರ್,” ಎಂದಳು. ದನಿ ನಡುಗುತ್ತಿತ್ತು, ಅವಳು ಅದನ್ನು ನಡುಗಲು ಬಿಟ್ಟಳು. “ನಿಲ್ಲಿಸ್ತೀವಿ ಅಂತ ಮಾತು ಕೊಟ್ಟು ಅವರ ಕೈಯಿಂದ ಕಣ್ಣಿನ ಹನಿ ಕಿತ್ಕೊಂಡ್ವಿ. ಅದಿದ್ರೆ ಅರ್ಧ ಕೋಳಿ ಉಳೀತಿತ್ತು. ಮನೆಮನೆಗೆ ಹೋಗಿ ಆ ಮಾತು ಕೊಟ್ಟವಳು ನಾನು. ನನ್ನ ನಾಲಿಗೆ ನಿಮಗೆ ಬೇಕಿತ್ತು, ತಗೊಂಡ್ರಿ. ಹಾಗೇ ಊರಿನ ಒಳ್ಳೇದಕ್ಕೆ ಅಂತಿದ್ರೆ ಆ ಐದು ಜನರನ್ನ ಕರೆದು ಕೇಳಬಹುದಿತ್ತಲ್ಲ, ‘ನಿಮ್ಮ ಕೋಳಿ ಸಾಯುತ್ತೆ, ಕೊಡ್ತೀರಾ’ ಅಂತ. ಕೇಳೋಕೆ ಧೈರ್ಯ ಇರಲಿಲ್ಲ. ಯಾಕಂದ್ರೆ ಉತ್ತರ ಗೊತ್ತಿತ್ತು.”

“ನೀವು ಅಕ್ಕನ ಮೇಲಿನ ಪ್ರೀತಿಗೆ ಮಾತಾಡ್ತಿದೀರಿ.”

“ಹೌದು. ನೀವು ಯಾರ ಮೇಲಿನ ಪ್ರೀತಿಗೆ ಮಾತಾಡ್ತಿದೀರಿ?”

ಪಶುವೈದ್ಯೆ ತಮ್ಮ ಕೈಚೀಲ ಹೆಗಲಿಗೇರಿಸಿಕೊಂಡು, “ಈ ಫಲಿತಾಂಶಕ್ಕೆ ನನ್ನ ಒಪ್ಪಿಗೆ ಇಲ್ಲ. ವಿಚಾರಣೆ ಆಗೋವರೆಗೂ ಇದು ಹೊರಗೆ ಹೋಗಕೂಡದು,” ಎಂದು ಬಾಗಿಲ ಕಡೆ ನಡೆದರು. ಅವರ ಹಿಂದೆ ಕೆಲವರು ಎದ್ದು ಹೋದರು. ಹಲವರು ಕೂತೇ ಇದ್ದರು. ಯಾರೋ ಕೇಕಿನ ಮೇಲೆ ನೊಣ ಕೂರದಂತೆ ತಟ್ಟೆ ಮುಚ್ಚಿದರು.

ತಂಗಿ ಅಲ್ಲಿಂದ ಸೀದಾ ಅಕ್ಕನ ಮನೆಗೆ ಹೋದಳು. ಗೇಟು ಹಾಕಿತ್ತು. ಭಾವ ಬಂದು ತೆಗೆದರು. ಅಕ್ಕ ಖಾಲಿ ಶೆಡ್ಡಿನೊಳಗೆ ನೀರಿನ ಪೈಪುಗಳನ್ನು ಬಿಚ್ಚಿ ಔಷಧದ ನೀರಿನಲ್ಲಿ ಉಜ್ಜುತ್ತಿದ್ದಳು. ತಂಗಿ ಬಾಗಿಲಲ್ಲೇ ನಿಂತು, ಬಿಟ್ಟೂಬಿಡದೆ ಎಲ್ಲವನ್ನೂ ಹೇಳಿದಳು. ನೀಲಿ ದಾರದ ಗುಟ್ಟು ತನಗೆ ತಿಳಿದದ್ದು ಯಾವಾಗ, ಸಾಹೇಬರ ಬಳಿ ಹೋದದ್ದು, ಅವರು ಹೇಳಿದ್ದು, ತಾನು ಸುಮ್ಮನಿದ್ದದ್ದು, ಈಗ ತಿಳಿದು ಬಂದದ್ದು.

ಅಕ್ಕ ಉಜ್ಜುವುದನ್ನು ನಿಲ್ಲಿಸಲಿಲ್ಲ. “ಅಂದ್ರೆ ಆ ತಿಂಗಳು ಪೂರ್ತಿ ನಿನಗೆ ಗೊತ್ತಿತ್ತು.”

“ಗೊತ್ತಿತ್ತು.”

“ಫೋನಿನಲ್ಲಿ ನಾನು ನಿನ್ನ ಸೊಪ್ಪಿದೆ ಅಂದಾಗಲೂ.”

“ಹೂಂ.”

“ಮೊದಲು ಕೊಟ್ಟಾಗ ಗೊತ್ತಿರಲಿಲ್ಲ ಅನ್ನೋದು ನಿಜಾನಾ?”

“ನಿಜ. ಎರಡು ಸಲ ಹೇಳಿದೆ ಅಕ್ಕ. ನೀನು ನಗ್ತಿದ್ದೆ. ತಂಗಿ ಅಂದ್ಮೇಲೆ ಹಿಂಬಾಗಿಲಲ್ಲಿ ಒಳ್ಳೇದು ತಂದೇ ತರ್ತಾಳೆ ಅಂತ ನೀನು ಅಂದ್ಕೊಂಡೆ.”

“ಅಂದ್ಕೊಂಡೆ. ಅಕ್ಕ ಆದವಳು ಅಂದ್ಕೋಬಾರ್ದಾ?”

ಭಾವ ಇಬ್ಬರ ಮುಖವನ್ನೂ ನೋಡಿ, “ಜಗಳ ಆಡೋದಿದ್ರೆ ಹೊರಗೆ ಬನ್ನಿ, ಈ ಔಷಧದ ಹೊಗೇಲಿ ಕಣ್ಣು ಹೋದ್ರೆ ಯಾರು ಯಾರನ್ನ ಬೈತಿದ್ದೀರಿ ಅಂತ್ಲೂ ಕಾಣಲ್ಲ,” ಎಂದರು. ಯಾರೂ ನಗಲಿಲ್ಲ. ಅಕ್ಕ ಕೈ ಒರೆಸಿಕೊಂಡು ಎದ್ದಳು.

“ನೀಲಿ ದಾರದ ಉಳಿದ ನಾಲ್ಕೂ ಮನೆಗೆ ಫೋನ್ ಮಾಡು,” ಎಂದಳು ಗಂಡನಿಗೆ. “ನಾಳೆ ಬೆಳಿಗ್ಗೆ ಎಲ್ಲರೂ ತಮ್ಮ ತಮ್ಮ ಖಾಲಿ ಬೋನು ತರಲಿ.”

ಮರುದಿನ ಕೆಲಸಕ್ಕೆ ಬಂದವರಿಗೆ ಸಂಸ್ಥೆಯ ಗೇಟು ಕಾಣಿಸಲಿಲ್ಲ. ಅದರ ಮುಂದೆ ತಂತಿಯ ಕೋಳಿ ಬೋನುಗಳು ಒಂದರ ಮೇಲೊಂದು ಗೋಡೆಯಂತೆ ಎದ್ದಿದ್ದವು. ತೊಳೆದಿದ್ದರೂ ವಾಸನೆ ಹೋಗಿರಲಿಲ್ಲ, ತಂತಿಗಳಲ್ಲಿ ಪುಕ್ಕಗಳು ಸಿಕ್ಕಿಕೊಂಡಿದ್ದವು. ಬೋನುಗಳನ್ನು ಹೊತ್ತು ತಂದದ್ದು ಗೊಣಗಪ್ಪನ ಲಾರಿ. ಅವನ ಕೋಳಿಗಳು ಚೆನ್ನಾಗಿಯೇ ಇದ್ದವು, ಅವನು ಬರಬೇಕಾಗಿರಲಿಲ್ಲ. ಯಾಕೆ ಬಂದೆ ಎಂದು ಕೇಳಿದವರಿಗೆ, “ಚೀಟಿ ತಿರುಗಿ ಬಿದ್ದಿದ್ರೆ ನಾನೇ ಅಲ್ವಾ? ಅದೂ ಅಲ್ದೆ ಈ ಲಾರಿ ಸ್ಟಾರ್ಟ್ ಆಗೋದೇ ಕಷ್ಟ, ಬೇರೆಯವರ ಕೈಗೆ ಕೊಡೋಕಾಗಲ್ಲ,” ಎಂದು ಗೊಣಗಿದ.

ಸಾಹೇಬರು ಒಳಗಿನಿಂದ ಬಂದು ಬೋನುಗಳ ಆಚೆ ನಿಂತರು. ಒಳಗೆ ಬನ್ನಿ, ಕೂತು ಮಾತಾಡೋಣ ಎಂದರು. ಅಕ್ಕ ಏನೋ ಹೇಳಿದಳು.

“ಸ್ವಲ್ಪ ಜೋರಾಗಿ ಹೇಳಿ, ಕೇಳಿಸ್ತಿಲ್ಲ.”

ಅಕ್ಕ ಜೋರು ಮಾಡಲಿಲ್ಲ. ಸಾಹೇಬರೇ ಹತ್ತಿರ ಬರಬೇಕಾಯಿತು. ಎರಡು ಬೋನುಗಳ ನಡುವೆ ನುಸುಳುವಾಗ ತಂತಿಯ ಮೊನೆ ತೋಳಿಗೆ ಸಿಕ್ಕಿ ಅಂಗಿ ಚರ್ರೆಂದಿತು.

“ಕೋಳಿ ಸತ್ತಿದ್ದಕ್ಕೆ ನಾನು ಬಂದಿಲ್ಲ,” ಎಂದಳು ಅಕ್ಕ. “ಈ ಕಸುಬಲ್ಲಿ ಕೋಳಿ ಸಾಯುತ್ತೆ. ಸತ್ತಾಗ ಅಳ್ತೀವಿ, ತೊಳೀತೀವಿ, ಮತ್ತೆ ಸಾಕ್ತೀವಿ. ಒಂದು ತಿಂಗಳು ದಿನಾ ಬೆಳಿಗ್ಗೆ ಎದ್ದು ನನ್ನ ಕೈಯಾರೆ ಆ ಪುಡಿ ಮೇವಿಗೆ ಕಲಸಿದೀನಿ. ಒಂದು ಚಿಟಿಕೆ ಚೆಲ್ಲಬಾರದು ಅಂತ ಜೋಪಾನವಾಗಿ ಕಲಸಿದೀನಿ. ಅದರಲ್ಲಿ ಏನೂ ಇಲ್ಲ ಅಂತ ನಿಮಗೆ ಗೊತ್ತಿತ್ತು. ಆ ತಿಂಗಳಿಗೆ ಬಂದಿದೀನಿ.”

“ತಾಯಿ, ನೋಡಿ, ದೊಡ್ಡ ಉದ್ದೇಶಕ್ಕೆ—”

“ನಾನು ನಿಮ್ಮ ತಾಯಿ ಅಲ್ಲ.”

ಅಷ್ಟು ಹೊತ್ತಿಗೆ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಇಳಿದು ಬಂದವರು ಏನು ವಿಷಯವೆಂದು ಕೇಳುತ್ತಿದ್ದರು, ಭಾವ ಒಬ್ಬೊಬ್ಬರಿಗೂ ಮೊದಲಿನಿಂದ ಹೇಳುತ್ತಿದ್ದರು. ಸಂಸ್ಥೆಯ ಮೇಲಿನವರು ಬಂದು, ವಿಚಾರಣೆ ನಡೆಸುತ್ತೇವೆಂದು ಎಲ್ಲರೆದುರು ಹೇಳುವವರೆಗೆ ಬೋನುಗಳು ಅಲುಗಲಿಲ್ಲ.

ವಿಚಾರಣೆ ನಡೆಯಿತು. ತಂಗಿ ಹೋಗಿ ಕಂಡದ್ದನ್ನೂ ಕೇಳಿದ್ದನ್ನೂ ತಾನು ಬಾಯಿ ಮುಚ್ಚಿಕೊಂಡಿದ್ದನ್ನೂ ಹೇಳಿದಳು. ಕೊನೆಗೆ ವಿಚಾರಣೆಯವರು ಬರೆದದ್ದು ‘ಕ್ರಮದಲ್ಲಿ ಲೋಪ’ ಎಂದು. ಸಾಹೇಬರನ್ನು ಆ ಸಂಸ್ಥೆಯಿಂದ ತೆಗೆದರು. ತೆಗೆದು ಇನ್ನೂ ದೊಡ್ಡ ಕಚೇರಿಯೊಂದಕ್ಕೆ ಸಲಹೆಗಾರರನ್ನಾಗಿ ಕಳಿಸಿದರು. ಆ ಸುದ್ದಿ ಕೇಳಿದ ದಿನ ತಂಗಿ ಗಿಡ ಬೆಳೆಸುವ ಗಾಜಿನ ಮನೆಯಲ್ಲಿ ನೀರಿನ ಕೊಳವೆಯನ್ನು ನೆಲಕ್ಕೆ ಬಡಿದು ಬಡಿದು ಅದರ ಮೂತಿ ಮುರಿದಳು. ಅವಳನ್ನು ಹೊರಗಿನ ಓಡಾಟದಿಂದ ಬಿಡಿಸಿ ಗಿಡಗಳಿಗೆ ನೀರು ಬಿಡುವ ಕೆಲಸಕ್ಕೆ ಹಾಕಿದ್ದರು. ಕೆಲಸ ಬಿಡಬೇಕೆಂದು ಅನೇಕ ಸಲ ಅನ್ನಿಸಿತು. ಆದರೆ ಅವಳು ನೀರು ಬಿಡುತ್ತಿದ್ದ ಗಿಡಗಳ ಎಲೆಯಲ್ಲಿದ್ದದ್ದು ನಿಜವಾದ ಲಸಿಕೆ. ಸುಳ್ಳು ಹೇಳಿದ್ದು ಮನುಷ್ಯ. ಅವನ ಮೇಲಿನ ಸಿಟ್ಟಿಗೆ ಇವನ್ನು ಬಿಟ್ಟು ಹೋದರೆ ಅವನಂಥವರ ಕೈಗೇ ಕೊಟ್ಟು ಹೋದಂತೆ ಎಂದುಕೊಂಡು ಉಳಿದಳು.

ಪಶುವೈದ್ಯೆ ಹಟ ಹಿಡಿದು ಎರಡು ಕೆಲಸ ಮಾಡಿಸಿದರು. ಫಲಿತಾಂಶ ಅಚ್ಚಾಗುವಾಗ, ಈ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ ಎಂಬ ಮಾತು ಅದರ ಮೊದಲ ಪುಟದಲ್ಲೇ ಬರಬೇಕು. ನೀಲಿ ದಾರದ ಐದು ಶೆಡ್ಡಿಗೂ ಸಂಸ್ಥೆಯೇ ಮರಿ ತುಂಬಿಕೊಡಬೇಕು, ಜೊತೆಗೆ ಲಸಿಕೆಯ ಸೊಪ್ಪನ್ನೂ ಕೊಡಬೇಕು. ಅಕ್ಕ ಸೊಪ್ಪನ್ನು ಬೇಡವೆನ್ನುತ್ತಾಳೆಂದು ಎಲ್ಲರೂ ಎಣಿಸಿದ್ದರು. ಅವಳು ಚೀಲ ಬಿಚ್ಚಿ ಮೂಸಿ ನೋಡಿ, “ಇದರ ಮೇಲೆ ನನಗೇನು ಸಿಟ್ಟು,” ಎಂದು ಒಳಗಿಟ್ಟುಕೊಂಡಳು.

ಮರಿಗಳು ಬಂದ ದಿನ ತಂಗಿ ರಜೆ ಹಾಕಿ ಹೋದಳು. ಬಾ ಎಂದು ಯಾರೂ ಕರೆದಿರಲಿಲ್ಲ, ಗೇಟಿಗೆ ಬೀಗವೂ ಹಾಕಿರಲಿಲ್ಲ. ಅಕ್ಕ, ತಂಗಿ ಇಬ್ಬರೂ ಪೆಟ್ಟಿಗೆಗಳಿಂದ ಒಂದೊಂದೇ ಮರಿಯನ್ನು ತೆಗೆದು, ಕೊಕ್ಕನ್ನು ನೀರಿಗೆ ಮುಟ್ಟಿಸಿ, ಬಲ್ಬಿನ ಕೆಳಗಿನ ಮರದ ಹೊಟ್ಟಿನ ಮೇಲೆ ಬಿಡತೊಡಗಿದರು.

“ಬರೀ ಸೊಪ್ಪು ಸಿಕ್ಕಿದ್ದಕ್ಕೆ ನನಗೆ ಈಗ ಸಿಟ್ಟಿಲ್ಲ,” ಎಂದಳು ಅಕ್ಕ, ತಲೆ ಎತ್ತದೆ. “ಚೀಟಿ ಅದು, ಯಾರಿಗೋ ಬೀಳಬೇಕು. ಆದ್ರೆ ಗೊತ್ತಾದ ಮೇಲೆ ನೀನು ಅವನ ಹತ್ರ ಹೋಗಿ ಕೇಳಿದೆ. ನನ್ನನ್ನ ಕೇಳ್ಲಿಲ್ಲ.”

“ಹೌದು.”

“ಒಂದು ಮಾತು ಕೇಳಿದ್ರೆ, ಯಾರಿಗೆ ಗೊತ್ತು, ಇಟ್ಕೋ ನಿನ್ನ ಪರೀಕ್ಷೆ, ಸಾಯ್ಲಿ ನನ್ನ ಕೋಳಿ ಅಂತ ನಾನೇ ಹೇಳ್ತಿದ್ನೋ ಏನೋ.”

“ಹೇಳ್ತಿರಲಿಲ್ಲ ಅಕ್ಕ.”

ಅಕ್ಕ ಕೈಯಲ್ಲಿದ್ದ ಮರಿಯನ್ನು ಕೆಳಗೆ ಬಿಟ್ಟಳು. “ಇಲ್ಲ. ಹೇಳ್ತಿರಲಿಲ್ಲ. ಮೊದಲು ನಿನಗೆ ನಾಲ್ಕು ಬಾರಿಸಿ ಆಮೇಲೆ ಕೋಳಿಗಳ ಕಣ್ಣಿಗೆ ಹನಿ ಹಾಕ್ತಿದ್ದೆ.” ಇನ್ನೊಂದು ಮರಿಯನ್ನು ಕೈಗೆತ್ತಿಕೊಂಡು ಹೇಳಿದಳು, “ಇನ್ನೂ ಕೆಲವು ದಿನ ನನಗೆ ಸಿಟ್ಟಿರುತ್ತೆ. ಅದನ್ನ ಕಡಿಮೆ ಮಾಡೋಕೆ ಅಂತ ನೀನು ಏನೂ ಮಾಡೋಕೆ ಬರಬೇಡ.”

“ಮಾಡಲ್ಲ.”

“ಸರಿ, ಆ ಮೂಲೇಲಿ ಬಲ್ಬು ಇನ್ನೊಂಚೂರು ಕೆಳಗಿಳಿಸು. ಮರಿಗಳಿಗೆ ಚಳಿ ಆಗ್ತಿದೆ, ಒಂದರ ಮೇಲೊಂದು ಬೀಳ್ತಿವೆ.”

ತಂಗಿ ಎದ್ದು ಹೋಗಿ ಹಗ್ಗ ಸಡಿಲಿಸಿ ಬಲ್ಬನ್ನು ಇಳಿಸಿದಳು. ಮರಿಗಳು ಗುಂಪು ಬಿಟ್ಟು ಮೆಲ್ಲಗೆ ಹರಡಿಕೊಂಡವು.